ಡಿಎಫ್ ಕಾಲಂ ಮೊದಲು ಓದಿ: ಅನೋವಾ ಟೇಬಲ್‌ನ ದೋಷ ಹಿಡಿಯುವ ಬಗೆ

ಥೀಸಿಸ್ ಒಪ್ಪಿಸುವ ತಿಂಗಳು ಬಂತೆಂದರೆ ನನಗೆ ಬರುವ ಫೋನುಗಳ ಧಾಟಿ ಒಂದೇ. "ಸರ್, ಅನೋವಾ ಟೇಬಲ್ ವರ್ಡ್‌ನಲ್ಲಿ ನೆಟ್ಟಗೆ ಕೂರ್ತಿಲ್ಲ. ಜರ್ನಲ್‌ನವರು ಕೇಳಿದ ಹಾಗೆ ಗೆರೆ ಹೇಗೆ ಹಾಕೋದು?" ಗೆರೆ ಆಮೇಲೆ ಹಾಕೋಣ, ಮೊದಲು ಫೈಲ್ ಕಳಿಸಪ್ಪ ಅಂತೀನಿ. ಅನೋವಾ ಟೇಬಲ್ ಎಂದರೆ ಫಲಿತಾಂಶದ ಏರುಪೇರಿನಲ್ಲಿ ಯಾವ ಮೂಲದ ಪಾಲು ಎಷ್ಟು ಎಂದು ತೋರಿಸುವ ಪಟ್ಟಿ. ತೆರೆದು ನೋಡಿದರೆ ಗೆರೆ ಹಾಕಬೇಕಾದ ಟೇಬಲ್ಲೇ ತಪ್ಪಾಗಿರುತ್ತದೆ. ಸಾಫ್ಟ್‌ವೇರ್ ಮಾತ್ರ ಒಂದು ಮಾತೂ ಆಡದೆ, ಪಿ ಬೆಲೆ (ಬರೀ ಆಕಸ್ಮಿಕವಾಗಿಯೇ ಇಷ್ಟು ವ್ಯತ್ಯಾಸ ಬರುವ ಸಂಭವನೀಯತೆ), ವ್ಯತ್ಯಾಸ ಸಾರ್ಥಕ, ಅಂದರೆ ಬರೀ ಆಕಸ್ಮಿಕವಲ್ಲ, ಎಂದು ಸೂಚಿಸುವ ನಕ್ಷತ್ರ ಎಲ್ಲ ಸಮೇತ ಉತ್ತರ ಕೊಟ್ಟು ಕೂತಿರುತ್ತದೆ.

ಇಲ್ಲಿ ಹೇಳುವುದೆಲ್ಲ ಆರ್ (R) ಎಂಬ ಅಂಕಿಅಂಶದ ಸಾಫ್ಟ್‌ವೇರ್ ಇಟ್ಟುಕೊಂಡು. ಕಮಾಂಡುಗಳ ಹೆಸರನ್ನು ಕೇಳಿದ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ. ದೊಡ್ಡಕ್ಷರ ಬೇಕಾದ ಕಡೆ ಹೇಳುತ್ತೇನೆ, ಏಕೆಂದರೆ ಆರ್‌ಗೆ ಎರಡೂ ಬೇರೆ ಬೇರೆ.

ಉದಾಹರಣೆಗೆ ಒಂದು ರಾಗಿ ಪ್ರಯೋಗ ಇಟ್ಟುಕೊಳ್ಳೋಣ: ಗೊಬ್ಬರದ 8 ಉಪಚಾರ (ಹೋಲಿಸಬೇಕಾದ 8 ಬಗೆ), 3 ಪುನರಾವರ್ತನೆ, ಆರ್‌ಸಿಬಿಡಿ ವಿನ್ಯಾಸ (ಪ್ರತಿ ಪುನರಾವರ್ತನೆಯಲ್ಲೂ ಎಲ್ಲ ಉಪಚಾರ ಒಮ್ಮೊಮ್ಮೆ, ಚೀಟಿ ಎತ್ತಿದ ಕ್ರಮದಲ್ಲಿ), ಒಟ್ಟು 24 ತಾಕು. ಲೆಕ್ಕ ಸುಲಭವಾಗಲಿ ಎಂದು ಅಂಕಿಗಳನ್ನು ನಾನೇ ಆರಿಸಿಕೊಂಡಿದ್ದೇನೆ: ಸರಾಸರಿ ಇಳುವರಿ ಹೆಕ್ಟೇರಿಗೆ 31.25 ಕ್ವಿಂಟಾಲ್, ದೋಷದ ಸರಾಸರಿ ವರ್ಗ 6.25. ಟೇಬಲ್ಲಿನ 'ದೋಷ' ಎಂದರೆ ತಪ್ಪಲ್ಲ, ಉಪಚಾರ ಮತ್ತು ಪುನರಾವರ್ತನೆಯ ಪಾಲು ಕಳೆದ ಮೇಲೆ ಉಳಿಯುವ ಏರುಪೇರು.

ಕಂಪ್ಯೂಟರ್ ಹಚ್ಚುವ ಮೊದಲು ಒಂದು ಹಾಳೆ ತೆಗೆದುಕೊಂಡು ಪ್ರತಿ ಮೂಲದ ಡಿಎಫ್ (ಡಿಗ್ರೀಸ್ ಆಫ್ ಫ್ರೀಡಂ, ಸ್ವಾತಂತ್ರ್ಯದ ಅಂಶ) ಬರೆಯಿರಿ. ಪುನರಾವರ್ತನೆ 3 − 1 = 2. ಉಪಚಾರ 8 − 1 = 7. ದೋಷ 2 × 7 = 14. ಒಟ್ಟು 23. ಇಷ್ಟೇ. ಎಫ್ ಬೆಲೆ (ಒಂದು ಮೂಲದ ಸರಾಸರಿ ವರ್ಗ ÷ ದೋಷದ ಸರಾಸರಿ ವರ್ಗ) ಎಷ್ಟು ಬರಬೇಕೆಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ. ಡಿಎಫ್ ಮಾತ್ರ ಬೀಜ ಬಿತ್ತಿದ ದಿನವೇ ತೀರ್ಮಾನವಾಗಿರುತ್ತದೆ. ಪರದೆಯ ಮೇಲೆ ಬಂದದ್ದು ಈ ಹಾಳೆಗೆ ತಾಳೆಯಾಗದಿದ್ದರೆ ಪಿ ಬೆಲೆಯ ಕಡೆ ಕಣ್ಣೂ ಹಾಯಿಸಬೇಡಿ.

ಉಪಚಾರದ ಡಿಎಫ್ 7ರ ಬದಲು 1 ಬಂದಿದೆ

ನಾನು ಕಂಡ ತಪ್ಪುಗಳಲ್ಲಿ ಇದೇ ಹಿರಿಯಣ್ಣ. ಎಕ್ಸೆಲ್‌ನಲ್ಲಿ ಉಪಚಾರದ ಕಾಲಂಗೆ 1, 2, 3 ಎಂದು 8ರ ತನಕ ಅಂಕಿ ಹೊಡೆದಿರುತ್ತಾರೆ. ಪುನರಾವರ್ತನೆಗೂ ಹಾಗೆಯೇ. ಆರ್ ಅದನ್ನು ಹೆಸರು ಎಂದು ಓದುವುದಿಲ್ಲ, ಅಳತೆ ಎಂದು ಓದುತ್ತದೆ. ಎಂಟನೇ ಉಪಚಾರ ನಾಲ್ಕನೆಯದರ ಎರಡರಷ್ಟು ಎಂದು ತಿಳಿದು ಒಂದು ಸರಳ ರೇಖೆ ಎಳೆದುಬಿಡುತ್ತದೆ. ರೇಖೆಗೆ ಡಿಎಫ್ ಒಂದೇ.

| ಮೂಲ | ಸರಿಯಾದ ಡಿಎಫ್ | ಅಂಕಿ ಎಂದು ಓದಿದಾಗ |
|---|---|---|
| ಪುನರಾವರ್ತನೆ | 2 | 1 |
| ಉಪಚಾರ | 7 | 1 |
| ದೋಷ | 14 | 21 |
| ಒಟ್ಟು | 23 | 23 |

ಒಟ್ಟು ಸರಿಯಾಗೇ ಬರುವುದರಿಂದ ಕಣ್ಣು ಮೋಸ ಹೋಗುತ್ತದೆ. ಪತ್ತೆ ಮಾಡಲು ಡೇಟಾದ ಮೇಲೆ, ಯಾವ ಕಾಲಂ ಯಾವ ಬಗೆಯದೆಂದು ತೋರಿಸುವ ಎಸ್‌ಟಿಆರ್ ಕಮಾಂಡು ಓಡಿಸಿ. ಉಪಚಾರದ ಮುಂದೆ 'ಇಂಟ್' ಅಥವಾ 'ನಮ್' ಎಂದಿದ್ದರೆ ರೋಗ ಸಿಕ್ಕಿತು. ಎರಡೂ ಕಾಲಂಗಳನ್ನು ಫ್ಯಾಕ್ಟರ್ (ಅಂಕಿಯನ್ನು ಗುಂಪಿನ ಹೆಸರೆಂದು ಓದಿಸುವ) ಕಮಾಂಡಿನಿಂದ ಬದಲಾಯಿಸಿ, ಅನೋವಾ ಲೆಕ್ಕ ಹಾಕುವ ಎಓವಿ ಕಮಾಂಡನ್ನು ಮತ್ತೆ ಓಡಿಸಿ. ಇನ್ನೂ ಒಳ್ಳೆಯದೆಂದರೆ ಎಕ್ಸೆಲ್‌ನಲ್ಲೇ 1ರ ಬದಲು ಟಿ1, ಆರ್1 ಎಂದು ಬರೆಯುವುದು. ಅಕ್ಷರ ಸೇರಿದ ಮೇಲೆ ಅದನ್ನು ಅಳತೆ ಎಂದು ಓದಲು ಆರ್‌ಗೆ ದಾರಿಯೇ ಇರುವುದಿಲ್ಲ.

ಸಾರಜನಕ 0, 40, 80, 120 ಕಿಲೋ ಎಂದು ಉಪಚಾರವೇ ಅಂಕಿಯಾಗಿದ್ದರೆ? ಆಗ ರೇಖೆ ಎಳೆಯುವುದಕ್ಕೂ ಅರ್ಥವಿದೆ, ಆದರೆ ಅದು ಬೇರೆ ವಿಶ್ಲೇಷಣೆ. ನಿಮ್ಮ ಗೈಡ್ ಕೇಳಿದ್ದು ಅದಲ್ಲ.

ಡಿಎಫ್ ಒಂದು ಹೆಚ್ಚಾಗಿದೆ

ಉಪಚಾರ 8, ದೋಷ 13. ಎಂಟು ಉಪಚಾರ ಹಾಕಿದವರಿಗೆ ಒಂಬತ್ತನೆಯದು ಎಲ್ಲಿಂದ ಬಂತು? ಟಿ3 ಬರೆದ ಮೇಲೆ ಬೆರಳು ತಾಗಿ ಒಂದು ಖಾಲಿ ಜಾಗ ಬಿದ್ದಿರುತ್ತದೆ. ಇಲ್ಲವೇ ಒಂದು ಕಡೆ ಟಿ ದೊಡ್ಡಕ್ಷರ, ಇನ್ನೊಂದು ಕಡೆ ಸಣ್ಣಕ್ಷರ. ಮನುಷ್ಯರ ಕಣ್ಣಿಗೆ ಒಂದೇ, ಆರ್‌ಗೆ ಎರಡು ಬೇರೆ ಬೇರೆ ಉಪಚಾರ.

ಟೇಬಲ್ ಎಂಬ ಕಮಾಂಡಿಗೆ ಪುನರಾವರ್ತನೆ ಮತ್ತು ಉಪಚಾರ ಎರಡನ್ನೂ ಕೊಡಿ. ಆರ್‌ಸಿಬಿಡಿಯಲ್ಲಿ ಪ್ರತಿ ಕೋಣೆಯಲ್ಲೂ 1 ಇರಬೇಕು. ಎಲ್ಲಾದರೂ 0 ಕಂಡರೆ ಆ ಸಾಲಿನಲ್ಲಿ ತಪ್ಪಿದೆ. 2 ಕಂಡರೆ ಒಂದೇ ಹೆಸರು ಎರಡು ಬಾರಿ ಬಿದ್ದಿದೆ. ಖಾಲಿ ಜಾಗಗಳನ್ನು ಟ್ರಿಮ್‌ಡಬ್ಲ್ಯೂಎಸ್ ಕಮಾಂಡು ಕಿತ್ತುಹಾಕುತ್ತದೆ. ಅದಾದ ಮೇಲೆ ಫ್ಯಾಕ್ಟರ್ ಮಾಡಿ. ಕ್ರಮ ತಿರುಗಿಸಿದರೆ ಫ್ಯಾಕ್ಟರ್ ಹೋಗಿ ಮತ್ತೆ ಬರಿಯ ಪಠ್ಯವಾಗುತ್ತದೆ.

ಡಿಎಫ್ ಸರಿ ಇದೆ, ಆದರೆ ಏನೂ ಸಾರ್ಥಕವಾಗಿ ಬರುತ್ತಿಲ್ಲ

ಈ ಸಲ ಡಿಎಫ್ ಕೈಕೊಡುತ್ತದೆ. ಸಿ.ವಿ. (ಸರಾಸರಿಗೆ ಹೋಲಿಸಿದರೆ ದೋಷ ಶೇಕಡಾ ಎಷ್ಟು ಎಂಬುದು) ನೋಡಬೇಕು. ದೋಷದ ಸರಾಸರಿ ವರ್ಗದ ವರ್ಗಮೂಲವನ್ನು ಒಟ್ಟು ಸರಾಸರಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಸಿ.ವಿ. ನಮ್ಮ ರಾಗಿಗೆ 2.5 ÷ 31.25, ಅಂದರೆ ಶೇ. 8.

ಒಂದು ತಾಕಿನ ಬೆಳೆ ಹಂದಿ ತಿಂದು ಹೋಯಿತು ಅನ್ನಿ. ಇಳುವರಿ ಸಿಗಲಿಲ್ಲ, ಆದ್ದರಿಂದ 0 ಬರೆದರು. ಡಿಎಫ್ 23 ಹಾಗೇ ಇದೆ, ಟೇಬಲ್ ಅಚ್ಚುಕಟ್ಟಾಗಿ ಕಾಣುತ್ತದೆ. ಒಳಗೆ ಆದದ್ದನ್ನು ನೋಡಿ: ಸರಾಸರಿಯಷ್ಟು ಇಳುವರಿ ಕೊಡಬೇಕಿದ್ದ ಆ ಒಂದೇ ತಾಕಿಗೆ 0 ಬಿದ್ದರೆ ದೋಷದ ಸರಾಸರಿ ವರ್ಗ 6.25ರಿಂದ ಹೆಚ್ಚುಕಡಿಮೆ 47ಕ್ಕೆ ಹಾರುತ್ತದೆ. ಸಿ.ವಿ. ಶೇ. 8ರಿಂದ 23ರ ಆಸುಪಾಸಿಗೆ. ಸಿ.ಡಿ. (ಎರಡು ಉಪಚಾರಗಳ ಸರಾಸರಿ ಬೇರೆ ಎನ್ನಲು ಬೇಕಾದ ಕನಿಷ್ಠ ಅಂತರ) 4.38ರಿಂದ 12ಕ್ಕೆ. ಎರಡು ವರ್ಷ ದುಡಿದ ಪ್ರಯೋಗದಲ್ಲಿ ಯಾವ ಗೊಬ್ಬರಕ್ಕೂ ಯಾವ ಗೊಬ್ಬರಕ್ಕೂ ವ್ಯತ್ಯಾಸವಿಲ್ಲ ಎಂದು ಬರೆಯಬೇಕಾಗುತ್ತದೆ, ಒಂದು ಸೊನ್ನೆಯ ಕಾರಣಕ್ಕೆ. ಬೆಳೆದೂ ಇಳುವರಿ ಬರದಿದ್ದರೆ ಅದು 0. ಅಳೆಯಲಾಗದಿದ್ದರೆ ಅದು ಖಾಲಿ ಕೋಣೆ. ಈ ಭೇದವನ್ನು ಹೊಲದ ಪುಸ್ತಕ ನೋಡಿ ನೀವೇ ಮಾಡಬೇಕು.

ಇದರ ದಾಯಾದಿ ಇನ್ನೊಂದಿದೆ. ಸಿಗದ ಇಳುವರಿಗೆ ಅಡ್ಡಗೆರೆ ಹಾಕಿದ್ದರೆ, ಅಥವಾ 28.4 ಎಂಬುದರ ಪಕ್ಕ ಗುರುತಿಗೆಂದು ಒಂದು ನಕ್ಷತ್ರ ಇಟ್ಟಿದ್ದರೆ, ಇಡೀ ಕಾಲಂ ಪಠ್ಯವಾಗುತ್ತದೆ. ಈಗಿನ ಆರ್ ಎರರ್ ಕೊಟ್ಟು ನಿಲ್ಲುತ್ತದೆ; ಅದು ಪುಣ್ಯ. 2020ರಲ್ಲಿ 4.0 ಆವೃತ್ತಿ ಬರುವ ತನಕ ಸಿಎಸ್‌ವಿ ಓದುವಾಗ ಪಠ್ಯದ ಕಾಲಂ ತಾನಾಗಿ ಫ್ಯಾಕ್ಟರ್ ಆಗುತ್ತಿತ್ತು. ಅದನ್ನು ಆಸ್.ನ್ಯೂಮೆರಿಕ್ ಮೂಲಕ ಅಂಕಿ ಮಾಡಹೊರಟರೆ 28.4 ಸಿಗುತ್ತಿರಲಿಲ್ಲ, ಅದು ಪಟ್ಟಿಯಲ್ಲಿ ಎಷ್ಟನೆಯದೋ ಆ ಕ್ರಮಸಂಖ್ಯೆ ಸಿಗುತ್ತಿತ್ತು. ಸೀನಿಯರ್ ಕೊಟ್ಟ ಹಳೆಯ ಸ್ಕ್ರಿಪ್ಟಿನಲ್ಲಿ ಫ್ಯಾಕ್ಟರ್ ಮೇಲೆ ನೇರವಾಗಿ ಆಸ್.ನ್ಯೂಮೆರಿಕ್ ಹಾಕಿದ್ದು ಕಂಡರೆ ಇಂದಿಗೂ ಅದೇ ಗತಿ. ಸರಾಸರಿ ಇಳುವರಿ 12.5 ಎಂದು ಬಂದರೆ ಅನುಮಾನ ಪಡಿ: ಅದು 1ರಿಂದ 24ರ ತನಕದ ಅಂಕಿಗಳ ಸರಾಸರಿ.

ಒಂದು ತಾಕು ನಿಜಕ್ಕೂ ಇಲ್ಲ

ಖಾಲಿ ಬಿಟ್ಟರೆ ಆರ್ ಆ ಸಾಲನ್ನೇ ಕೈಬಿಡುತ್ತದೆ. ಎಓವಿಯ ಸಮರಿಯಲ್ಲಿ, ಟೇಬಲ್ಲಿನ ಅಡಿಯಲ್ಲಿ, ಒಂದು ಅವಲೋಕನ ತೆಗೆದುಹಾಕಿದ್ದೇನೆ ಎಂಬ ಸಣ್ಣ ಸಾಲು ಇರುತ್ತದೆ. ಅದೇ ಮಾದರಿಯನ್ನು ಅನೋವಾ ಕಮಾಂಡಿನಿಂದ ನೋಡಿದರೆ ಆ ಸಾಲೂ ಇಲ್ಲ. ದೋಷದ ಡಿಎಫ್ 14ರಿಂದ 13ಕ್ಕೆ, ಒಟ್ಟು 22ಕ್ಕೆ ಇಳಿದಿರಬೇಕು. ಇಳಿದಿದ್ದರೆ ಸರಿ.

ನಮ್ಮ ಗೈಡುಗಳ ಕಾಲದವರು ಇದಕ್ಕೆ ಸೂತ್ರ ಹಚ್ಚುತ್ತಿದ್ದರು. ಅಂಕಿಅಂಶ ತಜ್ಞ ಫ್ರಾಂಕ್ ಯೇಟ್ಸ್ 1933ರಲ್ಲಿ ವಿವರಿಸಿದ ದಾರಿ: ಕಳೆದ ತಾಕಿನ ಬೆಲೆ ಅಂದಾಜು ಮಾಡಿ ತುಂಬಿಸುವುದು. ಉಪಚಾರದ ಉಳಿದ ಮೊತ್ತವನ್ನು ಉಪಚಾರಗಳ ಸಂಖ್ಯೆಯಿಂದ, ಆ ಪುನರಾವರ್ತನೆಯ ಉಳಿದ ಮೊತ್ತವನ್ನು ಪುನರಾವರ್ತನೆಗಳ ಸಂಖ್ಯೆಯಿಂದ ಗುಣಿಸಿ ಕೂಡಿ, ಒಟ್ಟು ಮೊತ್ತ ಕಳೆದು, ದೋಷದ ಡಿಎಫ್‌ನಿಂದ, ಅಂದರೆ 14ರಿಂದ, ಭಾಗಿಸಬೇಕು. ಈಗಲೂ ಕೆಲವರು ಹೀಗೆ ತುಂಬಿಸಿ ಆರ್‌ಗೆ ಕೊಡುತ್ತಾರೆ. ತೊಂದರೆ ಅಲ್ಲೇ: ತುಂಬಿದ ಅಂಕಿ ಅಳೆದದ್ದಲ್ಲ ಎಂದು ಆರ್‌ಗೆ ಗೊತ್ತಿಲ್ಲ, 14 ಎಂದೇ ಬರೆಯುತ್ತದೆ. ಖಾಲಿ ಬಿಟ್ಟು ಓಡಿಸುವುದೇ ಮೇಲು.

ಖಾಲಿ ಬಿಟ್ಟ ಮೇಲೆ ಕ್ರಮ ಮುಖ್ಯವಾಗುತ್ತದೆ. ಎಓವಿ ವರ್ಗಗಳ ಮೊತ್ತವನ್ನು ಸರದಿಯಲ್ಲಿ ಲೆಕ್ಕ ಹಾಕುತ್ತದೆ, ಮೊದಲು ಬಂದವರಿಗೆ ಮೊದಲ ಪಾಲು. ಎಲ್ಲ ತಾಕುಗಳೂ ಇದ್ದಾಗ ಕ್ರಮ ಹೇಗಿದ್ದರೂ ಉತ್ತರ ಒಂದೇ. ಒಂದು ತಾಕು ಹೋದರೆ ಒಂದಾಗಿರುವುದಿಲ್ಲ. ಆದ್ದರಿಂದ ಸೂತ್ರದಲ್ಲಿ ಪುನರಾವರ್ತನೆ ಮೊದಲು, ಉಪಚಾರ ಆಮೇಲೆ. ಹೀಗೆ ಬರೆದರೆ ನೆಲದ ವ್ಯತ್ಯಾಸ ಕಳೆದ ಮೇಲಿನ ಉಪಚಾರದ ಪಾಲು ಸಿಗುತ್ತದೆ. ನಮಗೆ ಬೇಕಿರುವುದು ಅದೇ.

"ಎಸ್‌ಪಿಎಸ್‌ಎಸ್‌ನಲ್ಲಿ ಒಂದು, ಆರ್‌ನಲ್ಲಿ ಇನ್ನೊಂದು ಬರ್ತಿದೆ" ಎಂಬ ದೂರಿನ ಮೂಲವೂ ಬಹುಮಟ್ಟಿಗೆ ಇದೇ. ಎಸ್‌ಪಿಎಸ್‌ಎಸ್ ಎಂಬ ಇನ್ನೊಂದು ಸಾಫ್ಟ್‌ವೇರ್ ತಾನಾಗಿ ಕೊಡುವುದು ಮೂರನೇ ಬಗೆಯ ವರ್ಗಮೊತ್ತ (ಉಳಿದೆಲ್ಲದರ ಪಾಲು ಕಳೆದ ಮೇಲೆ ಪ್ರತಿ ಮೂಲಕ್ಕೆ ಉಳಿಯುವುದು), ಆರ್‌ನ ಎಓವಿ ಕೊಡುವುದು ಒಂದನೆಯದು (ಮೇಲೆ ಹೇಳಿದ ಸರದಿಯದು). ಎರಡು ಅಂಶಗಳ ಪ್ರಯೋಗದಲ್ಲಿ ಮೂರನೆಯದೇ ಬೇಕೆಂದರೆ ಕಾರ್ ಪ್ಯಾಕೇಜಿನ (ಪ್ಯಾಕೇಜ್ ಎಂದರೆ ಆರ್‌ಗೆ ಸೇರಿಸಿಕೊಳ್ಳುವ ಕಮಾಂಡುಗಳ ಕಟ್ಟು) ಅನೋವಾ ಇದೆ. ಇದರ ಮೊದಲಕ್ಷರ ದೊಡ್ಡದು. ಸಣ್ಣಕ್ಷರ ಹೊಡೆದರೆ ಆರ್‌ನ ಸ್ವಂತ ಕಮಾಂಡು ಓಡಿ ಮತ್ತೆ ಒಂದನೇ ಬಗೆಯೇ ಬರುತ್ತದೆ, ನೀವು ಬದಲಾಯಿಸಿದೆ ಅಂದುಕೊಂಡಿರುತ್ತೀರಿ. ಅಷ್ಟೇ ಸಾಲದು. ಮಾದರಿ ಕಟ್ಟುವ ಮೊದಲೇ ಕಾಂಟ್ರಾಸ್ಟುಗಳನ್ನು (ಗುಂಪಿನ ಹೆಸರುಗಳನ್ನು ಲೆಕ್ಕಕ್ಕಾಗಿ ಅಂಕಿಯಾಗಿಸುವ ಬಗೆ) ಕಾಂಟ್ರ್.ಸಮ್ ಎಂದು ಇಟ್ಟಿರಬೇಕು. ಆರ್ ತಾನಾಗಿ ಬಳಸುವ ಕಾಂಟ್ರ್.ಟ್ರೀಟ್‌ಮೆಂಟ್ ಮೇಲೆ ಮೂರನೇ ಬಗೆ ಕೇಳಿದರೆ ಮುಖ್ಯ ಪರಿಣಾಮಗಳ ಸಾಲಿಗೆ ಅರ್ಥವಿರುವುದಿಲ್ಲ, ಸಂಖ್ಯೆ ಮಾತ್ರ ಇರುತ್ತದೆ.

ಸರಾಸರಿಗಳ ಟೇಬಲ್ಲಿಗೂ ಇದರ ಬಿಸಿ ತಟ್ಟುತ್ತದೆ. ಫಲವತ್ತಾದ ಪುನರಾವರ್ತನೆಯ ತಾಕೇ ಹೋಗಿದ್ದರೆ ಆ ಉಪಚಾರದ ಬರೀ ಸರಾಸರಿ ಕೆಳಗೆ ಬೀಳುತ್ತದೆ. ಇಎಂಮೀನ್ಸ್ ಪ್ಯಾಕೇಜಿನಿಂದ ಹೊಂದಿಸಿದ ಸರಾಸರಿ ತೆಗೆದು ಅದನ್ನೇ ಹಾಕಿ.

ಸ್ಪ್ಲಿಟ್ ಪ್ಲಾಟ್: ಎಲ್ಲವೂ ಸಾರ್ಥಕವಾಗಿ ಬಂದು ಖುಷಿಯಾಗಿದೆ

ಖುಷಿಯಾದಾಗಲೇ ನೋಡಬೇಕು. ಸ್ಪ್ಲಿಟ್ ಪ್ಲಾಟ್ ಎಂದರೆ ಒಂದು ಅಂಶವನ್ನು ದೊಡ್ಡ ಮುಖ್ಯ ತಾಕಿಗೆ ಕೊಟ್ಟು, ಅದನ್ನು ಉಪತಾಕುಗಳಾಗಿ ಒಡೆದು ಇನ್ನೊಂದು ಅಂಶ ಹಾಕುವ ವಿನ್ಯಾಸ. ಮುಖ್ಯ ತಾಕಿಗೆ ದೋಷ ಎ, ಉಪತಾಕಿಗೆ ದೋಷ ಬಿ. ಮುಖ್ಯ ತಾಕಿನಲ್ಲಿ 3 ನೀರಾವರಿ, ಉಪತಾಕಿನಲ್ಲಿ 4 ಸಾರಜನಕ ಮಟ್ಟ, 3 ಪುನರಾವರ್ತನೆ, 36 ತಾಕು. ಹಾಳೆಯ ಮೇಲೆ: ಪುನರಾವರ್ತನೆ 2, ನೀರಾವರಿ 2, ದೋಷ ಎ 4, ಸಾರಜನಕ 3, ಪರಸ್ಪರ ಕ್ರಿಯೆ 6, ದೋಷ ಬಿ 18. ಒಟ್ಟು 35. ನಿಮ್ಮ ಟೇಬಲ್ಲಿನಲ್ಲಿ ದೋಷ ಒಂದೇ ಸಾಲಿದ್ದು ಅದರ ಡಿಎಫ್ 22 ಎಂದಿದ್ದರೆ ಎರಡು ದೋಷಗಳನ್ನೂ ಒಂದೇ ಪಾತ್ರೆಗೆ ಸುರಿದಿದ್ದೀರಿ.

ಇದರಿಂದ ಏನಾಗುತ್ತದೆ? ಸರಾಸರಿ ವರ್ಗ ದೋಷ ಎಗೆ 18, ದೋಷ ಬಿಗೆ 6, ನೀರಾವರಿಗೆ 60 ಅನ್ನಿ. ಸರಿಯಾದ ಎಫ್ 60 ÷ 18 = 3.33. 2 ಮತ್ತು 4 ಡಿಎಫ್‌ಗೆ ಶೇ. 5ರ ಗಡಿ 6.94, ದಾಟಿಲ್ಲ. ಸುರಿದು ಬೆರೆಸಿದ ದೋಷ (4 × 18 + 18 × 6) ÷ 22 = 180 ÷ 22 = 8.18, ಎಫ್ 7.33. 2 ಮತ್ತು 22ಕ್ಕೆ ಗಡಿ 3.44, ಶೇ. 1ರ ಗಡಿ 5.72ನ್ನೂ ದಾಟಿತು. ಇಲ್ಲದ ನೀರಾವರಿ ಪರಿಣಾಮಕ್ಕೆ ಎರಡು ನಕ್ಷತ್ರ. ಇನ್ನೊಂದು ಕಡೆ ಸಾರಜನಕ 6ರ ಬದಲು 8.18ರ ಎದುರು ನಿಂತು ಸೊರಗುತ್ತದೆ.

ಈ ತಪ್ಪು ಮಾಡಿದಿರೆಂದು ನಾಚಿಕೊಳ್ಳಬೇಕಾಗಿಲ್ಲ. ಅನೋವಾ ಹುಟ್ಟಿಸಿದ ರೊನಾಲ್ಡ್ ಫಿಶರ್ ಅವರೇ, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ 12 ಆಲೂಗಡ್ಡೆ ತಳಿಗಳ ಗೊಬ್ಬರ ಪ್ರಯೋಗವನ್ನು 1923ರಲ್ಲಿ ವಿನಿಫ್ರೆಡ್ ಮೆಕೆಂಜಿ ಜೊತೆ ಪ್ರಕಟಿಸಿದಾಗ, ಉಪತಾಕುಗಳಿದ್ದ ಆ ಪ್ರಯೋಗಕ್ಕೆ ಒಂದೇ ದೋಷ ಬಳಸಿದ್ದರು. 1925ರ ಹೊತ್ತಿಗೆ ಬೇರೆ ಬೇರೆ ದೋಷ ಇಟ್ಟು ತಿದ್ದಿಕೊಂಡರು.

ಆರ್‌ನಲ್ಲಿ ತಿದ್ದುವುದು ಹೀಗೆ: ಸೂತ್ರದ ಕೊನೆಗೆ ಎರರ್ ಎಂದು ಬರೆದು, ಆವರಣದೊಳಗೆ ಪುನರಾವರ್ತನೆ, ಓರೆಗೆರೆ, ಮುಖ್ಯ ತಾಕಿನ ಅಂಶ ಕೊಡಿ. ಇಲ್ಲಿ ಎರರ್‌ನ ಮೊದಲಕ್ಷರ ದೊಡ್ಡದು. ಉತ್ತರ ಮೂರು ತುಂಡಾಗಿ ಬರುತ್ತದೆ. ಮೊದಲ ತುಂಡಿನಲ್ಲಿ ರೆಸಿಡ್ಯುಯಲ್ಸ್ 2 ಎಂದಿರುತ್ತದೆ. ಅದು ದೋಷವಲ್ಲ, ನಿಮ್ಮ ಪುನರಾವರ್ತನೆಯ ಸಾಲು. ಅದಕ್ಕೆ ಎಫ್ ಬಂದಿಲ್ಲವೆಂದು ಗಾಬರಿ ಬೇಡ. ಎರಡನೇ ತುಂಡಿನ ರೆಸಿಡ್ಯುಯಲ್ಸ್ ದೋಷ ಎ, ಮೂರನೆಯದರದು ದೋಷ ಬಿ. 4 ಎಂಬ ಡಿಎಫ್ ಎಲ್ಲೂ ಕಾಣದಿದ್ದರೆ ಪುನರಾವರ್ತನೆಯ ಕಾಲಂ ಇನ್ನೂ ಅಂಕಿಯಾಗೇ ಇದೆ. ಮೊದಲ ದೋಷಕ್ಕೆ ವಾಪಸ್ ಹೋಗಿ.

ಶೇಕಡಾವಾರು ದತ್ತಾಂಶಕ್ಕೆ ನ್ಯಾನ್ ಬಂದಿದೆ

ನ್ಯಾನ್ ಎಂದರೆ ಲೆಕ್ಕಕ್ಕೆ ಸಿಗದ ಅಂಕಿ. ಶೇಕಡಾವಾರು ಅಂಕಿಗಳನ್ನು ಅನೋವಾಕ್ಕೆ ಮೊದಲು ಆರ್ಕ್‌ಸೈನ್‌ನಿಂದ ರೂಪಾಂತರಿಸುವಾಗ ಇದು ಬರುತ್ತದೆ. ಆರ್ಕ್‌ಸೈನ್‌ಗೆ ಕೊಡಬೇಕಾದ್ದು 0ಯಿಂದ 1ರ ಒಳಗಿನ ಅನುಪಾತ. ನೀವು 45 ಕೊಟ್ಟಿದ್ದೀರಿ. 100ರಿಂದ ಭಾಗಿಸಿ, ವರ್ಗಮೂಲ ತೆಗೆದು, ಆಮೇಲೆ ಕೊಡಿ. ಉತ್ತರ ರೇಡಿಯನ್‌ನಲ್ಲಿ ಇರುತ್ತದೆ, ಹಳೆಯ ಕೋಷ್ಟಕಗಳು ಡಿಗ್ರಿಯಲ್ಲಿ. 180ರಿಂದ ಗುಣಿಸಿ ಪೈಯಿಂದ ಭಾಗಿಸಿದರೆ ತಾಳೆಯಾಗುತ್ತದೆ.

ಅಕ್ಷರಗಳು ತಪ್ಪಾದ ಉಪಚಾರಕ್ಕೆ ಅಂಟಿವೆ

ಯಾವ ವಿಮರ್ಶಕರೂ ಸುಲಭಕ್ಕೆ ಹಿಡಿಯಲಾಗದ ದೋಷ ಇದು, ಏಕೆಂದರೆ ಇದು ಲೆಕ್ಕದಲ್ಲಿಲ್ಲ, ನಕಲು ಮಾಡುವಾಗ ಆಗುತ್ತದೆ. ಅಗ್ರಿಕೋಲೆ ಪ್ಯಾಕೇಜಿನ ಎಲ್‌ಎಸ್‌ಡಿ ಪರೀಕ್ಷೆ ಎ, ಬಿ, ಸಿ ಗುಂಪುಗಳನ್ನು (ಒಂದೇ ಅಕ್ಷರ ಹಂಚಿಕೊಂಡ ಉಪಚಾರಗಳ ನಡುವೆ ಸಾರ್ಥಕ ವ್ಯತ್ಯಾಸವಿಲ್ಲ) ಇಳುವರಿ ಹೆಚ್ಚಿನಿಂದ ಕಡಿಮೆಗೆ ಜೋಡಿಸಿ ಕೊಡುತ್ತದೆ. ನಿಮ್ಮ ಟೇಬಲ್ಲಿನಲ್ಲಿ ಟಿ1ರಿಂದ ಟಿ8. ಅಕ್ಷರಗಳ ಕಾಲಂ ಮಾತ್ರ ಎತ್ತಿ ಪಕ್ಕಕ್ಕೆ ಅಂಟಿಸಿದರೆ ಟಿ1ರಲ್ಲಿರುವ ಕಂಟ್ರೋಲ್ (ಗೊಬ್ಬರ ಹಾಕದ) ತಾಕಿಗೆ ಎ ಬೀಳುತ್ತದೆ. ಹತ್ತಕ್ಕಿಂತ ಹೆಚ್ಚು ಉಪಚಾರವಿದ್ದರೆ ಇನ್ನೊಂದು ಎಡವಟ್ಟು: ಅಕ್ಷರಮಾಲೆಯ ಪ್ರಕಾರ ಟಿ1ರ ನಂತರ ಬರುವುದು ಟಿ10, ಟಿ2 ಅಲ್ಲ. ಟಿ01, ಟಿ02 ಎಂದು ಬರೆದರೆ ಆ ಕಾಟ ತಪ್ಪುತ್ತದೆ. ಅಂಟಿಸುವ ಬದಲು ಉಪಚಾರದ ಹೆಸರಿನ ಮೇಲೆ ಮರ್ಜ್ ಮಾಡಿ.

ಪ್ಯಾಕೇಜ್ ಬದಲಾಯಿಸಿದರೆ ಎ ಯಾರಿಗೆ ಎಂಬುದೂ ಬದಲಾಗುತ್ತದೆ. ಅಗ್ರಿಕೋಲೆ ದೊಡ್ಡ ಸರಾಸರಿಗೆ ಎ ಕೊಡುತ್ತದೆ. ಇಎಂಮೀನ್ಸ್ ಜೊತೆ ಬಳಸುವ ಸಿಎಲ್‌ಡಿ, ಬೇರೆ ಹೇಳದಿದ್ದರೆ, ಚಿಕ್ಕದರಿಂದ ಶುರು ಮಾಡುತ್ತದೆ.

ಅಂಕಿ ಸರಿ, ಅಚ್ಚಿಗೆ ಕೊಡುವುದು ಹೇಗೆ

ಕನ್ಸೋಲಿನಿಂದ ಕಾಪಿ ಮಾಡಬೇಡಿ. ಅಲ್ಲಿ ಕಾಲಂಗಳು ನಿಂತಿರುವುದು ಖಾಲಿ ಜಾಗಗಳ ಮೇಲೆ. ವರ್ಡ್‌ನ ಅಕ್ಷರಶೈಲಿಗೆ ಬಂದ ಕೂಡಲೇ ಕುಸಿಯುತ್ತವೆ. ಪರದೆಗೆಂದು ದುಂಡಾಗಿಸಿದ ಅಂಕಿಗಳೂ ಅವು. ಅನೋವಾದ ಫಲಿತಾಂಶವನ್ನು ಡೇಟಾ ಫ್ರೇಮ್ ಮಾಡಿ ಸಿಎಸ್‌ವಿಗೆ ಬರೆಯಿರಿ, ಅಥವಾ ಫ್ಲೆಕ್ಸ್‌ಟೇಬಲ್ ಪ್ಯಾಕೇಜಿನಿಂದ ನೇರ ವರ್ಡ್‌ಗೆ ಕಳಿಸಿ. ದುಂಡಾಗಿಸುವುದು ಕೊನೆಯ ಕೆಲಸ. ಮೊದಲೇ ಎರಡು ದಶಾಂಶಕ್ಕೆ ಕತ್ತರಿಸಿ ಆಮೇಲೆ ಎಫ್ ಲೆಕ್ಕ ಹಾಕಿದರೆ ಯಾರಾದರೂ ಕ್ಯಾಲ್ಕುಲೇಟರ್ ಹಿಡಿದಾಗ ಸಿಕ್ಕಿಬೀಳುತ್ತೀರಿ.

ಆರ್ ಒಟ್ಟು ಎಂಬ ಸಾಲು ಕೊಡುವುದಿಲ್ಲ. ನೀವೇ ಕೂಡಿ ಸೇರಿಸಿ. ದೋಷದ ಸಾಲಿನಲ್ಲಿ ಎಫ್ ಮತ್ತು ಪಿ ಜಾಗಕ್ಕೆ ಎನ್‌ಎ ಎಂದು ಬಂದಿರುತ್ತದೆ, ಅದನ್ನು ಅಳಿಸಿ. ಪಿ ಬೆಲೆ 0.000 ಎಂದು ಯಾವ ಸಾಫ್ಟ್‌ವೇರ್ ತೋರಿಸಿದರೂ 0.001ಕ್ಕಿಂತ ಕಡಿಮೆ ಎಂದು ಚಿಹ್ನೆ ಹಾಕಿ ಬರೆಯಿರಿ; ಸಂಭವನೀಯತೆ ಸೊನ್ನೆಯಾಗಿಲ್ಲ, ದಶಾಂಶ ಸ್ಥಾನ ಮುಗಿದಿದೆ ಅಷ್ಟೇ. ನಕ್ಷತ್ರಗಳ ವಿಷಯದಲ್ಲಿ ಎಚ್ಚರ: ಆರ್‌ನಲ್ಲಿ ಮೂರು ನಕ್ಷತ್ರ 0.001ಕ್ಕೆ, ಒಂದು ಚುಕ್ಕಿ 0.1ಕ್ಕೆ. ನಮ್ಮ ಕೃಷಿ ಜರ್ನಲ್‌ಗಳ ರೂಢಿ ಶೇ. 5ಕ್ಕೆ ಒಂದು, ಶೇ. 1ಕ್ಕೆ ಎರಡು. ಮೂರು ನಕ್ಷತ್ರ ಹಾಗೇ ಬಿಟ್ಟು ಅಡಿಟಿಪ್ಪಣಿಯಲ್ಲಿ ಎರಡಕ್ಕೇ ವಿವರಣೆ ಕೊಟ್ಟ ಹಸ್ತಪ್ರತಿಗಳು ನನ್ನ ಬಳಿ ಬಂದಿವೆ.

ಸರಾಸರಿಗಳ ಅಡಿಗೆ ಎಸ್.ಇಎಂ ಮತ್ತು ಸಿ.ಡಿ. ಬೇಕು. ಎಸ್.ಇಎಂ (ಸರಾಸರಿಯ ಪ್ರಮಾಣಿತ ದೋಷ) ಎಂದರೆ ದೋಷದ ಸರಾಸರಿ ವರ್ಗವನ್ನು ಪುನರಾವರ್ತನೆಗಳಿಂದ ಭಾಗಿಸಿ ವರ್ಗಮೂಲ: 6.25 ÷ 3ರ ವರ್ಗಮೂಲ 1.44. ಎಕ್ಸೆಲ್‌ನಲ್ಲಿ ಆ ಮೂರು ತಾಕುಗಳ ಸ್ಟ್ಯಾಂಡರ್ಡ್ ಡೀವಿಯೇಶನ್ ತೆಗೆದು ಪ್ರತಿ ಉಪಚಾರಕ್ಕೂ ಬೇರೆ ಬೇರೆ ಹಾಕುವುದಲ್ಲ. ಆ ಅಂಕಿಯೊಳಗೆ ನೆಲದ ವ್ಯತ್ಯಾಸವೂ ಸೇರಿಕೊಂಡಿರುತ್ತದೆ. ಸಿ.ಡಿ.ಗೆ 1.44ನ್ನು 2ರ ವರ್ಗಮೂಲದಿಂದಲೂ 14 ಡಿಎಫ್‌ನ ಟಿ ಬೆಲೆ 2.145ರಿಂದಲೂ ಗುಣಿಸಿ: ದುಂಡಾಗಿಸದೆ ಮಾಡಿದರೆ 4.38. ಎಫ್ ಸಾರ್ಥಕವಲ್ಲದಿದ್ದರೆ ಸಿ.ಡಿ. ಜಾಗದಲ್ಲಿ ಎನ್‌ಎಸ್ (ಸಾರ್ಥಕವಲ್ಲ).

ಇಷ್ಟಾದ ಮೇಲೆ ಗೆರೆ. ತಲೆಸಾಲಿನ ಮೇಲೊಂದು, ಕೆಳಗೊಂದು, ಟೇಬಲ್ಲಿನ ಕೊನೆಗೊಂದು. ಉದ್ದಗೆರೆ ಒಂದೂ ಬೇಡ.